ಕತ್ತಲಲ್ಲಿ ಬೆಳೆದ ಗೋಧಿ ಸಸಿ ಬಿಸಿಲಿಗಿಟ್ಟರೆ ಬಿಳಿಚುವುದೇಕೆ?

ಪ್ರಶ್ನೆ: ಸರ್, ಬಿ.ಎಸ್ಸಿ. ಪ್ರಯೋಗಕ್ಕೆ ಗೋಧಿಯನ್ನು 7 ದಿನ ಕತ್ತಲಲ್ಲಿ ಬೆಳೆಸಿ ಬಿಸಿಲಿಗಿಟ್ಟೆವು. ಕೆಲವು ಬಿಳಿಚಿ ಒಣಗಿದವು, ಉಳಿದವೂ ಮೊದಲ ಒಂದೆರಡು ಗಂಟೆ ಹಳದಿಯಾಗಿಯೇ ಇದ್ದವು. ಯಾಕೆ?

ಉತ್ತರ: ನೇರ ಬಿಸಿಲೇ ತೊಂದರೆ. ಕತ್ತಲಲ್ಲಿ ಬೆಳೆದ ಎಲೆಯಲ್ಲಿರುವುದು ಎಟಿಯೋಪ್ಲಾಸ್ಟ್, ಅಂದರೆ ಇನ್ನೂ ಹಸಿರಾಗದ ಕ್ಲೋರೋಪ್ಲಾಸ್ಟ್. ಅದರ ಪೊರೆ ಇನ್ನೂ ಬೆಳಕು ಹಿಡಿಯುವ ಥೈಲಕಾಯ್ಡ್ ಹಾಳೆಯಾಗಿರುವುದಿಲ್ಲ. ಸಣ್ಣ ಕೊಳವೆಗಳ ಜಾಲಿಯಾಗಿ, ಪ್ರೋಲಮೆಲ್ಲಾರ್ ಕಾಯವಾಗಿ ಕಟ್ಟಿಕೊಂಡಿರುತ್ತದೆ. ಅಲ್ಲಿ ಪ್ರೋಟೋಕ್ಲೋರೋಫಿಲೈಡ್ (ಕ್ಲೋರೋಫಿಲ್‌ನ ಪೂರ್ವರೂಪ), ಅದಕ್ಕೆ ಹೈಡ್ರೋಜನ್ ಒದಗಿಸುವ ಎನ್‌ಎಡಿಪಿಎಚ್ ಮತ್ತು ಅದನ್ನು ಮುಂದಿನ ಹಂತಕ್ಕೆ ಒಯ್ಯುವ ಪಿಒಆರ್ ಕಿಣ್ವ ಒಟ್ಟಿಗಿರುತ್ತವೆ. ಹೂಬಿಡುವ ಸಸ್ಯಗಳಲ್ಲಿ ಈ ಕಿಣ್ವ ಕೆಲಸ ಮಾಡಲು ಬೆಳಕು ಬೇಕೇ ಬೇಕು. (ಪೈನ್ ಸಸಿ ಕತ್ತಲಲ್ಲೂ ಹಸಿರಾಗುತ್ತದೆ, ಅದಕ್ಕೆ ಬೇರೊಂದು ಕಿಣ್ವವಿದೆ.) ಬೆಳಕು ತಾಗಿದೊಡನೆ ಪ್ರೋಟೋಕ್ಲೋರೋಫಿಲೈಡ್ ಕ್ಲೋರೋಫಿಲೈಡ್ ಆಗುತ್ತದೆ (ಕ್ಲೋರೋಫಿಲ್‌ಗೆ ಒಂದೇ ಹೆಜ್ಜೆ ಹಿಂದೆ), ಜಾಲಿ ಬಿಚ್ಚಿಕೊಳ್ಳತೊಡಗುತ್ತದೆ. ಆದರೆ ದಾಸ್ತಾನು ಅತ್ಯಲ್ಪ. ವರ್ಣದ್ರವ್ಯ ಹೊಸದಾಗಿ ತಯಾರಾಗಬೇಕು, ಅದನ್ನು ಹಿಡಿದಿಡುವ ಪ್ರೋಟೀನೂ ಬರಬೇಕು. ಅಲ್ಲಿಯವರೆಗೆ ಎಲೆ ಹಳದಿಯೇ.

ಕಿಣ್ವಕ್ಕೆ ಅಂಟದ ಪ್ರೋಟೋಕ್ಲೋರೋಫಿಲೈಡ್ ಪ್ರಖರ ಬೆಳಕಿನಲ್ಲಿ ತನ್ನ ಶಕ್ತಿಯನ್ನು ಆಮ್ಲಜನಕಕ್ಕೆ ಕೊಟ್ಟು ಸಿಂಗ್ಲೆಟ್ ಆಕ್ಸಿಜನ್ ಎಂಬ ತೀವ್ರ ಕ್ರಿಯಾಶೀಲ ಆಮ್ಲಜನಕ ಮಾಡುತ್ತದೆ. ಪೊರೆ ಸುಡುವುದು ಅದರಿಂದ. ಮಧ್ಯಾಹ್ನದ ಬಿಸಿಲು ಚದರ ಮೀಟರಿಗೆ ಸೆಕೆಂಡಿಗೆ ಸುಮಾರು 2000 ಮೈಕ್ರೋಮೋಲ್ ಫೋಟಾನ್. ನಿಮಗೆ 50ರಿಂದ 100 ಸಾಕು, ಟ್ಯೂಬ್‌ಲೈಟ್ ಹತ್ತಿರ ಇಡಿ.

0, 2, 4, 8, 24 ಗಂಟೆಗೆ ಎಲೆ ಕತ್ತರಿಸಿ 80% ಅಸಿಟೋನಿನಲ್ಲಿ ಅರೆದು ಸೋಸಿ, ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ಬೆಳಕಿನ ಹೀರಿಕೆಯನ್ನು 663.6 ಮತ್ತು 646.6 ನ್ಯಾನೊಮೀಟರಿನಲ್ಲಿ ಓದಿ, 750ರ ಓದನ್ನು ಕಳೆಯಿರಿ. ಕ್ಲೋರೋಫಿಲ್ ಎ = 12.25 × (663.6ರ ಓದು) − 2.55 × (646.6ರ ಓದು); ಬಿ = 20.31 × (646.6ರ ಓದು) − 4.91 × (663.6ರ ಓದು). ಉತ್ತರ ಮಿಲಿಲೀಟರಿಗೆ ಮೈಕ್ರೋಗ್ರಾಂ. ಗಾಜಿನ ಕುವೆಟ್ಟೇ (ಮಾದರಿ ಹಾಕುವ ಪುಟ್ಟ ಪಾತ್ರೆ) ಬಳಸಿ, ಪಾಲಿಸ್ಟೈರೀನ್ ಅಸಿಟೋನಿಗೆ ಕರಗಿ ಮಸುಕಾಗುತ್ತದೆ. 0 ಗಂಟೆಯ ಮಾದರಿಗೆ ಈ ಸೂತ್ರ ನಂಬಬೇಡಿ: ಪ್ರೋಟೋಕ್ಲೋರೋಫಿಲೈಡನ್ನೂ ಅದು ಕ್ಲೋರೋಫಿಲ್ ಎಂದೇ ಎಣಿಸುತ್ತದೆ. ಒಟ್ಟು ಮೊತ್ತಕ್ಕಿಂತ ಎ/ಬಿ ಅನುಪಾತವೇ ಹೆಚ್ಚು ಹೇಳುತ್ತದೆ. ಆರಂಭದಲ್ಲಿ ಬಹಳ ಹೆಚ್ಚಿದ್ದು, ಕ್ಲೋರೋಫಿಲ್ ಬಿಯನ್ನು ಹೆಚ್ಚಾಗಿ ಹಿಡಿದಿಡುವ ಎಲ್‌ಎಚ್‌ಸಿ ಪ್ರೋಟೀನ್ ತುಂಬಿದಂತೆ 3ರ ಸುತ್ತ ಇಳಿಯುತ್ತದೆ.

ಇನ್ನೊಬ್ಬರ ಪ್ರಶ್ನೆ: ಪಾಲಕ್‌ನಿಂದ ಥೈಲಕಾಯ್ಡ್ ತೆಗೆದೆವು ಮೇಡಂ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಗ್ರಾನಾ (ಥೈಲಕಾಯ್ಡ್ ಪದರಗಳ ಅಟ್ಟಿ) ಕಾಣಲೇ ಇಲ್ಲ.

ಉತ್ತರ: ಬಫರಿನಲ್ಲಿ ಮೆಗ್ನೀಷಿಯಂ ಇತ್ತೇ? ಪೊರೆಯ ಹೊರಮೈ ಋಣ ವಿದ್ಯುದಂಶದ್ದು. ಮೆಗ್ನೀಷಿಯಂ ಅದನ್ನು ತಣಿಸಿದರೆ ಮಾತ್ರ ಪದರಗಳು ಒಂದಕ್ಕೊಂದು ಅಂಟುತ್ತವೆ. ಅರೆಯುವುದರಿಂದ ಹಿಡಿದು ಸ್ಥಿರೀಕರಣದವರೆಗೂ 5 ಮಿಲಿಮೋಲಾರ್ ಮೆಗ್ನೀಷಿಯಂ ಕ್ಲೋರೈಡ್ ಇರಲಿ. ಮೆಗ್ನೀಷಿಯಂ ಕಟ್ಟಿಹಾಕುವ ಇಡಿಟಿಎ ರಾಸಾಯನಿಕ ಹಾಕಿದ್ದರೆ ಅದು ಹಿಡಿದುಕೊಳ್ಳುವಷ್ಟನ್ನು ಹೆಚ್ಚಿಗೆ ಸೇರಿಸಿ.