ಸಹಾಯ ಬೇಕು: 1888ರ ಬಿರುಗಾಳಿಯ ಬಗ್ಗೆ ಕಪ್ತಾನರ ಪ್ರಮಾಣ ಹೇಳಿಕೆಗಳು

ಎಲ್ಲರಿಗೂ ನಮಸ್ಕಾರ. ಮಾಟುಂಗಾದಲ್ಲಿರುವ ನಾನು, ಇಲ್ಲಿನ ಕನ್ನಡ ಸಂಘವೊಂದರ ವಾರ್ಷಿಕ ಸಂಚಿಕೆಗಾಗಿ, 1888ರ ನವೆಂಬರಿನಲ್ಲಿ ಕಛ್‌ನ ಮಾಂಡವಿಯಿಂದ ಮುಂಬಯಿಗೆ ಹೊರಟು, ಕಾಠಿಯಾವಾಡದ ಕರಾವಳಿಯ ಬಳಿ ಚಂಡಮಾರುತಕ್ಕೆ ಸಿಕ್ಕಿ 700ಕ್ಕೂ ಹೆಚ್ಚು ಜನರೊಡನೆ ಮುಳುಗಿದ ‘ವೈತರಣಾ’ ಹಡಗಿನ ಕುರಿತು ಬರೆಯುತ್ತಿದ್ದೇನೆ.

ಹಡಗಿನಲ್ಲಿದ್ದವರು ಯಾರೂ ಬದುಕುಳಿಯಲಿಲ್ಲ. ಆದರೂ ಮುಂಬಯಿಯಲ್ಲಿ ವಿಚಾರಣಾ ನ್ಯಾಯಾಲಯ ಕುಳಿತು, ಜೀವರಕ್ಷಕ ದೋಣಿಗಳು ಸಾಲದಾಗಿದ್ದವು ಎಂಬುದನ್ನು ಗುರುತಿಸಿತು. ಹಾಗಾದರೆ ಆ ಗಾಳಿಯನ್ನು ಕಂಡು ಪ್ರಮಾಣಪೂರ್ವಕವಾಗಿ ಹೇಳಿದವರು ಯಾರು? ಅದೇ ಗಾಳಿಗೆ ಸಿಕ್ಕಿಯೂ ಪಾರಾದ ಬೇರೆ ಹಡಗುಗಳ ಕಪ್ತಾನರು ಇರಬಹುದು ಎಂಬುದು ನನ್ನ ಊಹೆ. ಬಿರುಗಾಳಿಗೆ ಸಿಕ್ಕ ಹಡಗಿನ ಕಪ್ತಾನರು ಬಂದರು ಸೇರಿದೊಡನೆ ನೋಟರಿಯ ಮುಂದೆ ‘ಪ್ರೊಟೆಸ್ಟ್’ ಎಂಬ ಪ್ರಮಾಣ ಹೇಳಿಕೆ ಬರೆಸುವುದು ಹಳೆಯ ರೂಢಿ. ಹಾನಿಗೆ ಸಮುದ್ರವೇ ಕಾರಣ, ತಮ್ಮ ಅಲಕ್ಷ್ಯವಲ್ಲ ಎಂದು ವಿಮೆಯವರಿಗೂ ಸರಕಿನ ಒಡೆಯರಿಗೂ ತೋರಿಸುವುದೇ ಅದರ ಉದ್ದೇಶವಾದ್ದರಿಂದ, ಆ ಕಾಗದಗಳಲ್ಲಿ ಗಾಳಿ ತುಸು ಜೋರಾಗಿಯೇ ಬೀಸಿರಬಹುದು ಎಂಬ ಅನುಮಾನವೂ ನನಗಿದೆ.

ಅಂದಿನ ಪತ್ರಿಕಾ ವರದಿಗಳನ್ನು ಓದಿದೆ. ಪತ್ರಾಗಾರವೊಂದರ ಸೂಚಿಯಲ್ಲಿ ನೌಕಾ ಇಲಾಖೆ, ನ್ಯಾಯ ಇಲಾಖೆ ಎರಡನ್ನೂ ನೋಡಿದೆ. ವಿಚಾರಣೆಯ ತೀರ್ಮಾನ ಸಿಗುತ್ತದೆ, ಸಾಕ್ಷಿಗಳ ಮಾತು ಸಿಗುವುದಿಲ್ಲ. ನಾನು ಸಿಕ್ಕಿಬಿದ್ದಿರುವುದು ಇಲ್ಲಿಯೇ: ನೋಟರಿಯ ಮುಂದಿನ ಹೇಳಿಕೆ ನ್ಯಾಯಾಲಯದ ಕಡತಕ್ಕೆ ಸೇರುತ್ತಿತ್ತೋ, ನೋಟರಿಯ ಖಾಸಗಿ ದಫ್ತರದಲ್ಲಿಯೇ ಉಳಿಯುತ್ತಿತ್ತೋ ತಿಳಿಯುತ್ತಿಲ್ಲ.

ಮುಂಬಯಿ ಹೈಕೋರ್ಟಿನ ಹಳೆಯ ನೌಕಾ ದಾವೆಗಳ ಕಡತಗಳನ್ನು ನೋಡಿದವರು ಅಥವಾ ಕಡಲ ಕಾನೂನು ಬಲ್ಲ ವಕೀಲರು ಇಲ್ಲಿದ್ದರೆ ದಯವಿಟ್ಟು ತಿಳಿಸಿ: 1888ರ ಇಂಥ ಪ್ರೊಟೆಸ್ಟುಗಳ ಮೂಲ ಪ್ರತಿಯನ್ನು ನಾನು ಯಾವ ಕಚೇರಿಯಲ್ಲಿ, ಯಾವ ಶೀರ್ಷಿಕೆಯಡಿ ಕೇಳಬೇಕು?