ಉರಿ ಕೊಡುವ ಸಿಲಿಂಡರಿಗೆ ಹಿಮ ಹಿಡಿಯುವುದೇಕೆ?

ಪ್ರಶ್ನೆ:
ಜನವರಿಯಲ್ಲಿ ಚಿಕ್ಕಮಗಳೂರಿನ ನಮ್ಮ ಮನೆಯ ಗೃಹಪ್ರವೇಶಕ್ಕೆ ಅಡುಗೆಯವರು ನಸುಕಿನಲ್ಲೇ ದೊಡ್ಡ ಒಲೆ ಹೊತ್ತಿಸಿದ್ದರು. ಎರಡು ಗಂಟೆ ಕಳೆಯುವಷ್ಟರಲ್ಲಿ 19 ಕಿಲೋ ಸಿಲಿಂಡರಿನ ಕೆಳಭಾಗ ಮೊದಲು ಬೆವರಿ, ಆಮೇಲೆ ಉಗುರಿನಿಂದ ಕೆರೆದರೆ ಉದುರುವಂಥ ಬಿಳಿ ಹಿಮ ಅದರ ಮೇಲೆ ಕೂತಿತು, ಉರಿಯೂ ಸಣ್ಣದಾಯಿತು. ಗ್ಯಾಸ್ ಮುಗಿಯಿತೆಂದು ಅದನ್ನು ಬದಿಗಿಟ್ಟರು. ಮಧ್ಯಾಹ್ನ ಅದನ್ನೇ ಜೋಡಿಸಿದಾಗ ಚೆನ್ನಾಗಿ ಉರಿಯಿತು. ಅನಿಲ ಖರ್ಚಾದಂತೆ ಒತ್ತಡ ಇಳಿಯುವುದು ಸರಿ, ಆದರೆ ಇಳಿದ ಒತ್ತಡ ತಾನಾಗಿ ಏರಿದ್ದು ಹೇಗೆ?

ಉತ್ತರ 1:
ಸಿಲಿಂಡರಿನಲ್ಲಿ ಇರುವುದು ಬಹುಪಾಲು ದ್ರವ. ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಆ ಮಿಶ್ರಣದ ಮೇಲೆ ಸ್ವಲ್ಪ ಆವಿ ನಿಂತಿರುತ್ತದೆ, ಒಲೆಗೆ ಹೋಗುವುದು ಆ ಆವಿ. ದ್ರವದ ಅಣುಗಳೆಲ್ಲ ಒಂದೇ ವೇಗದಲ್ಲಿ ಓಡಾಡುವುದಿಲ್ಲ. ನೆರೆಯ ಅಣುಗಳ ಸೆಳೆತವನ್ನು ಕಿತ್ತುಕೊಂಡು ಮೇಲೇಳುವುದು ಹೆಚ್ಚು ಚಲನಶಕ್ತಿ ಇದ್ದವು ಮಾತ್ರ, ಆದ್ದರಿಂದ ಹಿಂದುಳಿದವುಗಳ ಸರಾಸರಿ ಶಕ್ತಿ ಕಡಿಮೆಯಾಗುತ್ತದೆ, ಅಂದರೆ ದ್ರವ ತಣ್ಣಗಾಗುತ್ತದೆ. ಒಂದು ಕಿಲೋ ಆವಿಯಾಗಲು ಸುಮಾರು 360 ಕಿಲೋಜೂಲ್ ಗುಪ್ತೋಷ್ಣ, ಅಂದರೆ ದ್ರವವನ್ನು ಆವಿಯಾಗಿಸಲಷ್ಟೇ ಖರ್ಚಾಗುವ ಶಾಖ, ಬೇಕು. ದೊಡ್ಡ ಒಲೆಗೆ ಗಂಟೆಗೆ ಎರಡು ಕಿಲೋ ಹೋದರೆ 200 ವ್ಯಾಟ್‌ನಷ್ಟು ಶಾಖ ಸಿಲಿಂಡರಿನ ಗೋಡೆಯ ಮೂಲಕವೇ ಒಳಗೆ ಬರಬೇಕು. ನಸುಕಿನ ಚಳಿಗಾಳಿ ಅಷ್ಟನ್ನು ಕೊಡಲಾರದು, ಹಾಗಾಗಿ ದ್ರವ ತಣ್ಣಗಾಗುತ್ತಲೇ ಹೋಗಿ ಆವಿ ಏಳುವುದು ಕುಗ್ಗಿತು, ಒತ್ತಡ ಇಳಿಯಿತು. ಹಿಮ ಕೆಳಭಾಗದಲ್ಲಷ್ಟೇ ಕೂತದ್ದು ದ್ರವ ಅಲ್ಲಿಯವರೆಗೆ ಇತ್ತು ಎಂಬುದಕ್ಕೆ ಗುರುತು. ಬದಿಗಿಟ್ಟಾಗ ಗಾಳಿಯ ಶಾಖ ನಿಧಾನವಾಗಿ ಒಳಸೇರಿತು, ಅಣುಗಳು ಮತ್ತೆ ಬಿರುಸಾಗಿ ಮೇಲೆದ್ದವು, ಒತ್ತಡ ಮರಳಿತು.

ಉತ್ತರ 2:
ಮೇಲಿನ ವಿವರಣೆ ಸರಿ. ಪ್ರಶ್ನೆಯಲ್ಲಿರುವ ಒಂದು ತಪ್ಪು ಮಾತ್ರ ಉಳಿದುಹೋಗಿದೆ. ಖರ್ಚಾದಂತೆ ಒತ್ತಡ ಇಳಿಯುವುದು ಬರೀ ಅನಿಲ ತುಂಬಿದ ಆಮ್ಲಜನಕದ ಸಿಲಿಂಡರಿನಲ್ಲಿ. ಇಲ್ಲಿ ಹೊರಹೋದ ಆವಿಯ ಜಾಗವನ್ನು ದ್ರವ ಕೂಡಲೇ ತುಂಬಿಕೊಡುವುದರಿಂದ, ಕೊನೆಯ ತೊಟ್ಟು ದ್ರವ ಇರುವವರೆಗೂ ಒತ್ತಡವನ್ನು ಮುಖ್ಯವಾಗಿ ತಾಪವೇ ನಿರ್ಧರಿಸುತ್ತದೆ. ಹಾಗಾಗಿಯೇ ಎಷ್ಟು ಉಳಿದಿದೆ ಎಂದು ತಿಳಿಯಲು ತೂಗಿಯೇ ನೋಡಬೇಕು. ಮುಖ್ಯವಾಗಿ ಎಂದದ್ದೇಕೆಂದರೆ, ಪ್ರೊಪೇನ್ ಕುದಿಯುವುದು ಮೈನಸ್ 42 ಡಿಗ್ರಿಯಲ್ಲಿ, ಬ್ಯೂಟೇನ್ ಮೈನಸ್ ಅರ್ಧ ಡಿಗ್ರಿಯ ಆಸುಪಾಸಿನಲ್ಲಿ. ಪ್ರೊಪೇನ್ ಬೇಗ ಖಾಲಿಯಾಗಿ ಬ್ಯೂಟೇನ್ ಹೆಚ್ಚು ಉಳಿಯುವುದರಿಂದ, ಅರ್ಧ ಮುಗಿದ ಸಿಲಿಂಡರ್ ಚಳಿಯಲ್ಲಿ ಹೊಸದಕ್ಕಿಂತ ಬೇಗ ಸೋಲುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಹಾಗಾದರೆ ಅಡುಗೆಯವರು ಸಿಲಿಂಡರನ್ನು ಬಿಸಿನೀರಿನ ಟಬ್ಬಿನಲ್ಲಿ ಇಡುವುದು ಶಾಸ್ತ್ರೀಯವಾಗಿ ಸರಿಯೇ ಅಲ್ಲವೇ?

ಉತ್ತರ 1:
ತತ್ತ್ವ ಸರಿ, ಕೆಲಸ ಅಪಾಯದ್ದು. ಪ್ರೊಪೇನ್ ಆವಿಯ ಒತ್ತಡ 20 ಡಿಗ್ರಿಯಲ್ಲಿ ಸುಮಾರು 8 ಬಾರ್ (ಒಂದು ಬಾರ್ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು) ಇದ್ದರೆ 60 ಡಿಗ್ರಿಯಲ್ಲಿ 20 ಬಾರ್ ದಾಟುತ್ತದೆ. ಜೊತೆಗೆ ದ್ರವವೂ ಹಿಗ್ಗುತ್ತದೆ; ಸಿಲಿಂಡರನ್ನು ಪೂರ್ತಿ ತುಂಬದೆ ಮೇಲೆ ಜಾಗ ಬಿಡುವುದು ಅದಕ್ಕಾಗಿಯೇ. ಒಲೆಯ ಮೇಲಿಂದ ಇಳಿಸಿದ ಹಂಡೆಯ ನೀರು ಎಷ್ಟು ಡಿಗ್ರಿ ಇದೆ ಎಂದು ಆ ಗಡಿಬಿಡಿಯಲ್ಲಿ ಯಾರು ಅಳೆಯುತ್ತಾರೆ? ತಜ್ಞರಿಂದ ಎರಡು ಸಿಲಿಂಡರುಗಳನ್ನು ಒಂದೇ ಪೈಪಿಗೆ ಜೋಡಿಸಿಕೊಂಡರೆ ಗಾಳಿಯಿಂದ ಶಾಖ ಹೀರುವ ಗೋಡೆ ಇಮ್ಮಡಿಯಾಗುತ್ತದೆ, ಪ್ರತಿಯೊಂದರಿಂದ ಎಳೆಯುವ ಆವಿ ಅರ್ಧಕ್ಕಿಳಿಯುತ್ತದೆ, ಹಿಮ ಕೂರುವ ಪ್ರಮೇಯವೇ ಬಹುಮಟ್ಟಿಗೆ ತಪ್ಪುತ್ತದೆ.