ಅಜ್ಜಿಯ ಸವರನ್‌ಗೆ ಗ್ರೇಡಿಂಗ್ ಮಾಡಿಸಬೇಕಾ?

ಬಳ್ಳಾರಿಯಿಂದ ಪ್ರಶ್ನೆ: ಅಜ್ಜಿಯ ಪೆಟ್ಟಿಗೆಯಲ್ಲಿ ಐದನೇ ಜಾರ್ಜ್ ತಲೆಯ ಎರಡು ಚಿನ್ನದ ಸವರನ್ (ಬ್ರಿಟಿಷರ ನಾಣ್ಯ), ಒಂದು ವಿಜಯನಗರದ ವರಹ ಇವೆ. ಒಂದು ಸವರನ್‌ಗೆ ಸರಕ್ಕೆ ಪೋಣಿಸುವ ಕೊಂಡಿ ಇದೆ. ಗ್ರೇಡಿಂಗ್ (ಅಸಲಿಯಾ ಅಂತ ಪರೀಕ್ಷಿಸಿ, ಸ್ಥಿತಿಗೆ ಅಂಕ ಕೊಟ್ಟು, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸೀಲ್ ಮಾಡಿ ಕೊಡುವುದು) ಮಾಡಿಸಿದರೆ ಬೆಲೆ ಜಾಸ್ತಿ ಬರುತ್ತಾ? ಮಾಡಿಸಿದವರು ಹೇಳಿ.

ಸಿಂಧನೂರು: ಕೊಂಡಿ ಇರುವುದಕ್ಕೆ ದುಡ್ಡು ಹಾಕಬೇಡಿ. ನಮ್ಮ ಅತ್ತೆಯ ಕಾಸಿನ ಸರದ್ದನ್ನು ಕಳಿಸಿದ್ದೆವು. ಪತ್ತಾರರು ಕೊಂಡಿ ತೆಗೆದು ಅಂಚು ಉಜ್ಜಿದ್ದು ಬರಿಗಣ್ಣಿಗೆ ಕಾಣುತ್ತಲೇ ಇರಲಿಲ್ಲ. ಭೂತಗನ್ನಡಿಯಲ್ಲಿ ಬೆಸುಗೆಯ ಗುರುತು ಸಿಕ್ಕಿತು. ಅಸಲಿ ಅಂತ ಬರೆದರು, ಅಂಕ ಕೊಡಲಿಲ್ಲ. ಕೊನೆಗೆ ಹೋಗಿದ್ದು ಚಿನ್ನದ ತೂಕಕ್ಕೇ.

ಗಂಗಾವತಿ: ಇನ್ನೊಂದರ ಇಸವಿ ನೋಡಿ. 1918 ಆಗಿದ್ದರೆ ಹಿಂಬದಿಯ ಕುದುರೆಯ ಕೆಳಗಿನ ನೆಲದ ಗೆರೆಯಲ್ಲಿ, ಇಸವಿಯ ಸ್ವಲ್ಪ ಮೇಲೆ, ‘ಐ’ ಅನ್ನುವ ಪುಟ್ಟ ಇಂಗ್ಲಿಷ್ ಅಕ್ಷರ ಹುಡುಕಿ. ಇದ್ದರೆ ಅದು ಮುಂಬೈ ಟಂಕಸಾಲೆಯದು. ಅಲ್ಲಿಯ ಸವರನ್‌ಗಳಲ್ಲಿ ಇರುವುದು ಆ ಒಂದೇ ಇಸವಿ. ಸಂಗ್ರಾಹಕರು ಇಷ್ಟಪಡುತ್ತಾರೆ, ಆದರೆ ಹತ್ತು ಲಕ್ಷಕ್ಕೂ ಹೆಚ್ಚು ಅಚ್ಚಾಗಿವೆ, ಅಪರೂಪವಲ್ಲ. ಆಮೇಲೆ ದೊರೆಯ ಮೀಸೆ, ಕಿವಿಯ ಮೇಲಿನ ಕೂದಲು ನೋಡಿ. ಅಲ್ಲಿ ಸವೆದಿದ್ದರೆ ಚಲಾವಣೆಯಾದ ನಾಣ್ಯ. ಅಂಕ 1ರಿಂದ 70ರವರೆಗೆ, ಸವೆಯದ್ದಕ್ಕೆ 60ರಿಂದ ಶುರು. ಸಾಮಾನ್ಯ ಇಸವಿಯ ಸವೆದ ಸವರನ್‌ಗೆ ಗ್ರೇಡಿಂಗ್ ಖರ್ಚು ಸುಮ್ನೆ ದಂಡ.

ನಿಜವಾದ ಉಪಯೋಗ ನಕಲಿಯ ವಿಷಯದಲ್ಲಿ. ಒಳ್ಳೆ ಚಿನ್ನದಲ್ಲೇ ಮಾಡಿದ ನಕಲಿ ಸವರನ್‌ಗಳಿವೆ. ಅಂಗಡಿಯ ಮಷೀನ್ 22 ಕ್ಯಾರೆಟ್ ತೋರಿಸುತ್ತದೆ, ತೂಕವೂ 7.98 ಗ್ರಾಂ ಬರುತ್ತದೆ, ಆದರೂ ಟಂಕಸಾಲೆಯದ್ದಲ್ಲ. ದೂರದವರು ಹರಾಜಿನಲ್ಲಿ ಧೈರ್ಯವಾಗಿ ಕೂಗುವುದು ಗ್ರೇಡಿಂಗ್‌ನವರ ಸೀಲ್ ಪೆಟ್ಟಿಗೆಯ ಭರವಸೆಯ ಮೇಲೆ. ನಮ್ಮ ಸರಾಫರ ಹತ್ತಿರ ಒಯ್ದರೆ ಪೆಟ್ಟಿಗೆ ಒಡೆದು ತಕ್ಕಡಿಗೆ ಹಾಕುತ್ತಾರೆ. ಎಲ್ಲಿ ಮಾರುತ್ತೀರಿ ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ.

ವರಹದ ಲೆಕ್ಕವೇ ಬೇರೆ. ತೂಕ 3.4 ಗ್ರಾಂ ಆಸುಪಾಸು, ಬೆಲೆ ನಿಂತಿರುವುದು ಯಾವ ರಾಜನದು ಅನ್ನುವುದರ ಮೇಲೆ. ಹಿಂಬದಿಯ ನಾಗರಿ ಅಕ್ಷರ ಓದಬಲ್ಲವರಿಗೆ ತೋರಿಸಿ. ಕೃಷ್ಣದೇವರಾಯನದಾದರೆ ‘ಶ್ರೀ ಪ್ರತಾಪ ಕೃಷ್ಣರಾಯ’ ಅಂತ ಮೂರು ಸಾಲು ಇರುತ್ತದೆ, ಅಂಚಿನ ಅಕ್ಷರ ಕತ್ತರಿಸಿ ಹೋಗಿರುವುದೂ ಉಂಟು.

ರಾಯಚೂರು: ವಿದೇಶಕ್ಕೆ ಮಾತ್ರ ಕಳಿಸಬೇಡಿ. 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ ನೂರು ವರ್ಷ ದಾಟಿದ ನಾಣ್ಯವೂ ಬರುತ್ತದೆ, ಖಾಸಗಿಯವರು ಹೊರಗೆ ಕಳಿಸುವಂತಿಲ್ಲ. ವರಹ ಅಷ್ಟೇ ಅಲ್ಲ, 1918ರ ಸವರನ್ ಕೂಡ ಅದೇ ಸಾಲಿಗೆ. ದೇಶದೊಳಗೇ ಪರೀಕ್ಷೆ ಮಾಡುವವರನ್ನು ನೋಡಿ. ಅಲ್ಲಿಯವರೆಗೆ ಪಾಲಿಶ್ ಬೇಡ, ಅಂಟುವಾಳದ ನೀರೂ ಬೇಡ. ಅಂಚು ಹಿಡಿದು ಎತ್ತಿ.